ಮರಳುಗಾಡಿನ ಉಪಾಯ, ಗಡಿನಾಡಿನ ನೆಲ: ಓದುಗರ ಪ್ರಶ್ನೆಗಳಿಗೆ ಉತ್ತರ

ರಾಜಸ್ಥಾನದ ಥಾರ್ ಮರಳುಗಾಡಿನ ಹಳ್ಳಿಗಳು ನೀರು, ಮೇವು, ಮರ ಕಾಪಾಡಿಕೊಳ್ಳುವ ಬಗೆ ಹೇಗೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ಆಂಧ್ರದ ರಾಯದುರ್ಗ, ಬೊಮ್ಮನಹಾಳು, ಮಡಕಶಿರಾ ಕಡೆಯ ಓದುಗರು ಪತ್ರ ಬರೆದಿದ್ದಾರೆ. ಅಲ್ಲಿ ನಡೆದದ್ದು ನಮ್ಮಲ್ಲಿ ಯಾಕೆ ನಡೆಯಬಾರದು ಎಂಬುದೇ ಹೆಚ್ಚಿನವರ ಪ್ರಶ್ನೆ. ಖಂಡಿತ ನಡೆಯುತ್ತದೆ. ಆದರೆ ಜೈಸಲ್ಮೇರಿಗೆ ವರ್ಷಕ್ಕೆ 200 ಮಿ.ಮೀ. ಮಳೆಯೂ ಬೀಳುವುದಿಲ್ಲ, ನಮ್ಮ ಒಣ ತಾಲೂಕುಗಳಿಗೆ 500ರ ಆಸುಪಾಸಿನಲ್ಲಿ ಬೀಳುತ್ತದೆ. ನೀರು ಕೊಡುವ ನೆಲ ಎಷ್ಟು, ನೀರು ಕುಡಿಯುವ ನೆಲ ಎಷ್ಟು ಎಂಬ ಲೆಕ್ಕವನ್ನು ಇಲ್ಲಿಯ ಮಳೆಗೆ ಹೊಸದಾಗಿ ಹಾಕದೆ ಅಲ್ಲಿಯ ಅಳತೆಯನ್ನೇ ತಂದು ಕೂರಿಸಿದರೆ ಒಡ್ಡು ಒಡೆಯುತ್ತದೆ, ಹಣ ಮಣ್ಣುಪಾಲಾಗುತ್ತದೆ. ಕೆಳಗಿನ ಉತ್ತರಗಳಲ್ಲಿ ಈ ಲೆಕ್ಕ ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: ಜೈಸಲ್ಮೇರಿನ ‘ಖಡೀನ್’ ಒಡ್ಡನ್ನು ನಮ್ಮ ಊರಿನ ಕಲ್ಲುಗುಡ್ಡದ ಕೆಳಗೆ ಕಟ್ಟಬಹುದೇ? ಗುಡ್ಡದ ಕೆಳಗೆ ಎರೆಭೂಮಿ ಇದೆ, ಹಿಂಗಾರಿ ಜೋಳ ಬೆಳೆಯುತ್ತೇವೆ. — ಯುವಕ ಸಂಘ, ಜತ್ತ ತಾಲೂಕು

ಕಟ್ಟಬಹುದು, ನೀವು ಹೇಳುವ ಜಾಗವೂ ಅದಕ್ಕೆ ತಕ್ಕುದೇ. ಖಡೀನ್ ಎಂದರೆ ಕಲ್ಲುನೆಲದಿಂದ ಹರಿದು ಬಂದ ಮಳೆನೀರನ್ನು ತಗ್ಗಿನ ಹೊಲದಲ್ಲೇ ತಡೆದು ನಿಲ್ಲಿಸುವ ಮಣ್ಣಿನ ಒಡ್ಡು. ಜೈಸಲ್ಮೇರಿನ ಪಾಲಿವಾಲ ಬ್ರಾಹ್ಮಣರು 15ನೇ ಶತಮಾನದಲ್ಲಿ ರೂಢಿಗೆ ತಂದದ್ದು. ಒಡ್ಡಿನ ಉದ್ದ ಸಾಮಾನ್ಯವಾಗಿ 100ರಿಂದ 300 ಮೀಟರ್. ಮಳೆಗಾಲದಲ್ಲಿ ನಿಂತ ನೀರು ನೆಲಕ್ಕೆ ಇಂಗುತ್ತದೆ, ಉಳಿದದ್ದನ್ನು ತೂಬಿನಿಂದ ಹೊರಬಿಡುತ್ತಾರೆ. ಆಮೇಲೆ ಆ ಹಸಿಯಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಮತ್ತೆ ನೀರು ಹಾಯಿಸುವ ಮಾತೇ ಇಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಹಿಂಗಾರಿ ಬೆಳೆಗೆ ಒಂದು ಎಕರೆ ಮಣ್ಣಿನೊಳಗೆ 300 ಮಿ.ಮೀ. ಹೆಚ್ಚುವರಿ ನೀರು ಕೂಡಿಡಬೇಕೆಂದರೆ 12 ಲಕ್ಷ ಲೀಟರ್ ಬೇಕು. ಕಲ್ಲುಗುಡ್ಡದ ಮೇಲೆ ವರ್ಷಕ್ಕೆ 500 ಮಿ.ಮೀ. ಬಿದ್ದು ಅದರಲ್ಲಿ ಐದನೇ ಒಂದು ಪಾಲು ಹರಿದು ಬಂದರೆ, ಗುಡ್ಡದ ಒಂದೊಂದು ಎಕರೆಯಿಂದ 4 ಲಕ್ಷ ಲೀಟರ್ ಸಿಗುತ್ತದೆ. ಅಂದರೆ ಒಂದು ಎಕರೆ ಹೊಲಕ್ಕೆ 3 ಎಕರೆ ಗುಡ್ಡ ಸಾಕು. ಕೊರತೆಯ ವರ್ಷಕ್ಕೆಂದು 5 ಎಕರೆ ಹಿಡಿಯಿರಿ. ಜೈಸಲ್ಮೇರಿನಲ್ಲಿ ಇದೇ ಒಂದು ಎಕರೆಗೆ ಸುಮಾರು 15 ಎಕರೆ ಕಲ್ಲುನೆಲ ಬಿಟ್ಟಿರುತ್ತಾರೆ. ಆ ಅಳತೆಯನ್ನು ಇಲ್ಲಿ ನಕಲು ಮಾಡಿದರೆ ಮೊದಲ ದೊಡ್ಡ ಮಳೆಗೇ ನೀರು ಒಡ್ಡಿನ ನೆತ್ತಿಯ ಮೇಲೆ ಹರಿಯುತ್ತದೆ.

ಒಡ್ಡಿನ ಜೀವವೆಲ್ಲ ಕೋಡಿಯಲ್ಲಿದೆ. 10 ಹೆಕ್ಟೇರ್ ಗುಡ್ಡದ ಮೇಲೆ ಒಂದು ತಾಸಿನಲ್ಲಿ 50 ಮಿ.ಮೀ. ಮಳೆ ಸುರಿದು ಅರ್ಧ ಹರಿದು ಬಂತೆಂದರೆ, ಸೆಕೆಂಡಿಗೆ ಸುಮಾರು 700 ಲೀಟರ್ ನೀರು ಹೊರಹೋಗಬೇಕು. ಕೋಡಿಯ ಮೇಲೆ 30 ಸೆಂ.ಮೀ. ಆಳದಲ್ಲಿ ಹರಿಯಲು ಎರಡೂವರೆ ಮೀಟರ್ ಅಗಲ ಬೇಕು. ನೀವು 4 ಮೀಟರ್ ಇಡಿ. ಕಲ್ಲು ಸಿಮೆಂಟಿನಲ್ಲಿ ಕಟ್ಟಿ, ಕೆಳಬದಿಗೆ ದಪ್ಪ ಕಲ್ಲು ಹಾಸಿ. ಒಡ್ಡಿನ ನೆತ್ತಿ ಕೋಡಿಯ ಮಟ್ಟಕ್ಕಿಂತ ಕನಿಷ್ಠ 80 ಸೆಂ.ಮೀ. ಎತ್ತರವಿರಲಿ.

ಎರೆಮಣ್ಣಿನಲ್ಲಿ ಇನ್ನೊಂದು ತೊಂದರೆಯಿದೆ. ಬರಿಯ ಎರೆಮಣ್ಣಿನಿಂದ ಕಟ್ಟಿದ ಒಡ್ಡು ಬೇಸಿಗೆಗೆ ಬಿರುಕು ಬಿಡುತ್ತದೆ, ಮುಂಗಾರಿನ ಮೊದಲ ನೀರು ಆ ಬಿರುಕಿನಲ್ಲೇ ದಾರಿ ಮಾಡಿಕೊಳ್ಳುತ್ತದೆ. ಎರೆಮಣ್ಣು ಒಡ್ಡಿನ ಹೊಟ್ಟೆಯೊಳಗಿರಲಿ, ಹೊರಮೈಗೆ ಗರಸು ಹೊದಿಸಿ. ಕಟ್ಟುವ ಮುಂಚೆ ಹುಲ್ಲು ಬೇರು ಸಹಿತ ಮೇಲ್ಮಣ್ಣು ತೆಗೆಯಿರಿ. ಉದ್ದಕ್ಕೂ ಒಂದು ಗಟ್ಟಿ ಪದರದವರೆಗೆ ಕಾಲುವೆ ತೋಡಿ, ಅದನ್ನು ಜಿಗುಟು ಮಣ್ಣಿನಿಂದ ತುಂಬಿ ದಮ್ಮಸ್ಸು ಮಾಡಿ. ಮೇಲಿನ ಮಣ್ಣನ್ನು 15ರಿಂದ 20 ಸೆಂ.ಮೀ. ಪದರವಾಗಿ ಹಾಕಿ, ನೀರು ಚಿಮುಕಿಸಿ, ರೋಲರ್ ಹಾಯಿಸಬೇಕು. ಜೆಸಿಬಿಯಿಂದ ಮಣ್ಣು ಸುರಿದು ಬಕೆಟ್ಟಿನಿಂದ ತಟ್ಟಿಬಿಟ್ಟರೆ ಅದು ದಮ್ಮಸ್ಸು ಆಗುವುದಿಲ್ಲ. ಒಡೆದ ಒಡ್ಡುಗಳಲ್ಲಿ ಹೆಚ್ಚಿನವು ಹೀಗೆ ಕಟ್ಟಿದವೇ.

ಪ್ರಶ್ನೆ: ಹಗರಿ ಹೊಳೆಯ ಮರಳು ಗಾಳಿಗೆ ಹಾರಿ ಬಂದು ಹೊಲಗಳ ಮೇಲೆ ದಿಬ್ಬವಾಗಿ ಕೂತಿದೆ. ಸಸಿ ನೆಟ್ಟರೆ ಒಂದೋ ಹೂತುಹೋಗುತ್ತವೆ, ಇಲ್ಲವೇ ಬೇರು ಹೊರಬೀಳುತ್ತದೆ. ಏನು ಮಾಡೋಣ? — ರೈತರು, ಬೊಮ್ಮನಹಾಳು

ಬೊಮ್ಮನಹಾಳು, ಕಣೇಕಲ್ಲು ಭಾಗದ ಈ ಮರಳು ದಿಬ್ಬಗಳು ಸಣ್ಣ ಸಂಕಟವಲ್ಲ. ಬದುಕು ಕೊಟ್ಟ ಹೊಲವೇ ಕಣ್ಣೆದುರು ಮರಳಿನಡಿ ಮುಚ್ಚಿಹೋಗುವುದನ್ನು ನೋಡುತ್ತಿದ್ದೀರಿ. ನೆಡುವುದಕ್ಕಿಂತ ಮುಂಚೆ ಮರಳನ್ನು ನಿಲ್ಲಿಸಬೇಕು. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ, ಅಂದರೆ ಕಾಜ್ರಿ, ಥಾರ್‌ನಲ್ಲಿ ಬಳಸಿದ ಕ್ರಮ ಹೀಗಿದೆ: ಮೊದಲು ದಿಬ್ಬಕ್ಕೆ ಬೇಲಿ, ಆಮೇಲೆ ಮುಳ್ಳುಕಂಟಿಯ ಸಣ್ಣ ಸಣ್ಣ ಗಾಳಿತಡೆ, ಕೊನೆಗೆ ಹುಲ್ಲು ಮತ್ತು ಸಸಿ.

ಗಾಳಿತಡೆಗೆ ಬೋರೆ ಮುಳ್ಳು, ತೊಗರಿ ಕಟ್ಟಿಗೆ, ಬಳ್ಳಾರಿ ಜಾಲಿಯ ಕೊಂಬೆ ಯಾವುದಾದರೂ ಆದೀತು. ಜಾಲಿಯಾದರೆ ಕಾಯಿ ಇರದ ಕೊಂಬೆಯೇ ಬೇಕು. ಕಂಟಿಯನ್ನು 15ರಿಂದ 20 ಸೆಂ.ಮೀ. ಮರಳಿನೊಳಗೆ ಹುಗಿದು, ಮೇಲೆ ಅರ್ಧ ಮೀಟರ್ ಕಾಣುವಂತೆ ಸಾಲಾಗಿ ನಿಲ್ಲಿಸಿ. ಸಾಲು ಗಾಳಿಗೆ ಅಡ್ಡವಾಗಿರಬೇಕು, ಸಾಲಿನಿಂದ ಸಾಲಿಗೆ 5 ಮೀಟರ್. ಕೆಲಸ ದಿಬ್ಬದ ನೆತ್ತಿಯಿಂದ ಶುರುವಾಗಿ ಬುಡದ ಕಡೆಗೆ ಇಳಿಯಲಿ. ಒಂದು ಹೆಕ್ಟೇರಿಗೆ ಸುಮಾರು 2,000 ಮೀಟರ್ ಸಾಲಿಗಾಗುವಷ್ಟು ಕಂಟಿ ಬೇಕು. ಗಾಳಿ ದಿಕ್ಕು ಬದಲಿಸುವ ಕಡೆ ಚೌಕಾಬಾರದ ಮನೆಗಳಂತೆ ಅಡ್ಡ ಸಾಲೂ ಹಾಕಬೇಕಾಗುತ್ತದೆ, ಆಗ ಅದರ ಇಮ್ಮಡಿ. ತಡೆ ಪೂರ್ತಿ ಮುಚ್ಚಿದ ಗೋಡೆಯ ಹಾಗಿರಕೂಡದು. ಅರ್ಧ ಗಾಳಿ ಒಳಗೆ ನುಸುಳಿದರೆ ಅದರ ವೇಗ ತಗ್ಗಿ ಮರಳು ಅಲ್ಲೇ ಉದುರುತ್ತದೆ. ತಗಡು, ಇಟ್ಟಿಗೆಯ ಗೋಡೆ ನಿಲ್ಲಿಸಿದರೆ ಗಾಳಿ ಅಂಚುಗಳಲ್ಲಿ ಸುತ್ತಿ ಬುಡವನ್ನೇ ಕೊರೆಯುತ್ತದೆ.

ನಿಮ್ಮ ಸಸಿಗಳು ಸಾಯಲು ಹೊತ್ತೂ ಒಂದು ಕಾರಣ. ಥಾರ್‌ನಲ್ಲಿ ಜುಲೈ ಮಳೆಗೆ ನೆಡುತ್ತಾರೆ. ಅನಂತಪುರ ಜಿಲ್ಲೆಗೆ ಜೂನ್, ಜುಲೈನಲ್ಲಿ ನೈಋತ್ಯದ ಗಾಳಿ ಜೋರು, ಮಳೆ ಕಮ್ಮಿ. ಒಳ್ಳೆಯ ಮಳೆ ಸಿಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ಮೇ ತಿಂಗಳಲ್ಲಿ ಗಾಳಿತಡೆ ಮುಗಿಸಿ, ಗಾಳಿಗಾಲ ದಾಟಿಸಿ, ಸೆಪ್ಟೆಂಬರಿನ ಹದಮಳೆಗೆ ನೆಡಿ. ಮರಳಿನ ಮೇಲ್ಪದರ ಒಣಗಿದ್ದರೂ ಕೆಳಗೆ ಹಸಿ ಉಳಿದಿರುತ್ತದೆ. ಗುಂಡಿ 60 ಸೆಂ.ಮೀ. ಆಳವಿರಲಿ, ವರ್ಷ ತುಂಬುತ್ತ ಬಂದ ಎತ್ತರದ ಸಸಿಯನ್ನು ಆ ಹಸಿಗೆ ಬೇರು ತಾಗುವಂತೆ ಇಳಿಸಿ. 5 ಮೀಟರ್ ಅಂತರಕ್ಕೆ ಹೆಕ್ಟೇರಿಗೆ 400 ಸಸಿ ಹಿಡಿಯುತ್ತವೆ. ಬನ್ನಿ, ಬೋರೆ, ಸರ್ವೆ, ಬೇವು ಹೊಂದುತ್ತವೆ. ಸಾಲುಗಳ ನಡುವೆ ಅಂಜನ್ ಹುಲ್ಲಿನ ಬೀಜವನ್ನು ಒದ್ದೆ ಮಣ್ಣು, ಸಗಣಿಯಲ್ಲಿ ಕಲಸಿ ಉಂಡೆ ಮಾಡಿ ಚೆಲ್ಲಿ. ಬರಿ ಬೀಜ ತೀರ ಹಗುರ, ಗಾಳಿಗೆ ಹಾರಿಹೋಗುತ್ತದೆ. ನಿಜವಾಗಿ ಮರಳನ್ನು ಹಿಡಿಯುವುದು ಮರಕ್ಕಿಂತ ಹುಲ್ಲಿನ ಬೇರೇ.

ಇಷ್ಟು ಮಾಡಿಯೂ ಹೊಳೆಯ ಪಾತ್ರದಿಂದ ಹೊಸ ಮರಳು ಬರುತ್ತಲೇ ಇರುತ್ತದೆ. ಗಾಳಿ ಬರುವ ಬದಿಯ ದಡದ ಉದ್ದಕ್ಕೆ ಐದಾರು ಸಾಲಿನ ಮರದ ಪಟ್ಟಿ ಎದ್ದು ನಿಲ್ಲುವವರೆಗೆ ಪ್ರತಿ ಬೇಸಿಗೆ ಕಂಟಿಸಾಲನ್ನು ಮೇಲೆತ್ತಿ ಸರಿಪಡಿಸುವ ಕೆಲಸ ತಪ್ಪದು. ಒಬ್ಬರ ಹೊಲದಲ್ಲಿ ತಡೆದು ಪಕ್ಕದವರದ್ದನ್ನು ಬಿಟ್ಟರೆ ಪ್ರಯೋಜನವಿಲ್ಲ, ಇಡೀ ದಿಬ್ಬ ಒಂದೇ ಕೆಲಸವಾಗಬೇಕು.

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ರಾಜಸ್ಥಾನದ ‘ಟಾಂಕಾ’ ಮಾದರಿಯಲ್ಲಿ ಮಳೆನೀರು ತುಂಬಿಸಿ ಕುಡಿಯಬಹುದೇ? ಎಷ್ಟು ದೊಡ್ಡ ತೊಟ್ಟಿ ಬೇಕು? — ಗೃಹಿಣಿ, ಮಡಕಶಿರಾ

ಖಂಡಿತ ಕುಡಿಯಬಹುದು ಅಮ್ಮಾ. ಫ್ಲೋರೈಡ್ ಕಲ್ಲಿನಿಂದ ನೀರಿಗೆ ಇಳಿಯುವಂಥದ್ದು, ಮಳೆನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಮೀರಬಾರದು, ಬೇರೆ ನೀರೇ ಸಿಗದ ಕಡೆ 1.5ರ ತನಕ ಎಂಬುದು ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಟಾಂಕಾ ಎಂದರೆ ಮಳೆನೀರು ಕೂಡಿಡುವ ನೆಲದೊಳಗಿನ ತೊಟ್ಟಿ. ಕಾಜ್ರಿ ಸುಧಾರಿಸಿದ ಟಾಂಕಾ 3 ಮೀಟರ್ ಅಗಲ, 3 ಮೀಟರ್ ಆಳ, 21,000 ಲೀಟರ್ ಹಿಡಿಯುತ್ತದೆ. ನಿಮಗೆ ಅಷ್ಟು ಬೇಡ. ಐದು ಜನರ ಮನೆಗೆ ಕುಡಿಯಲು, ಅಡಿಗೆಗೆ ತಲೆಗೆ 8 ಲೀಟರಿನಂತೆ ಮಳೆಯಿಲ್ಲದ ಎಂಟು ತಿಂಗಳಿಗೆ 9,600 ಲೀಟರ್. 40 ಚದರ ಮೀಟರ್ ತಾರಸಿಯಿಂದ 400 ಮಿ.ಮೀ. ಮಾತ್ರ ಮಳೆಯಾದ ವರ್ಷವೂ, ನೂರಕ್ಕೆ ಎಂಬತ್ತು ಕೈಗೆ ಸಿಕ್ಕರೆ, 12,800 ಲೀಟರ್ ಬರುತ್ತದೆ. ಎರಡೂವರೆ ಮೀಟರ್ ಅಗಲ, ಅಷ್ಟೇ ಆಳದ ದುಂಡು ತೊಟ್ಟಿ 12,000 ಲೀಟರ್ ಹಿಡಿದುಕೊಳ್ಳುತ್ತದೆ. ಥಾರ್‌ನಲ್ಲಿ ಮಳೆ ಕಡಿಮೆಯಾದ್ದರಿಂದ ತೊಟ್ಟಿಯ ಸುತ್ತಲಿನ ಅಂಗಳವನ್ನೇ ಇಳಿಜಾರಾಗಿ ಗಟ್ಟಿಮಾಡಿ ನೀರು ಕೂಡಿಸುತ್ತಾರೆ. ನಿಮಗೆ ತಾರಸಿಯೇ ಸಾಕಾಗುವಾಗ ಅಂಗಳದ ನೀರು ಬೇಡ, ಕೋಳಿ ಕುರಿ ಓಡಾಡಿದ ನೆಲ ಅದು.

ಮೊದಲ ಮಳೆಯ ನೀರು ಹೊರಹೋಗಲು ಪೈಪಿಗೆ ಮುಚ್ಚಳದ ಕವಲು ಇಡಿ. 40 ಚದರ ಮೀಟರಿಗೆ ಮೊದಲ 80 ಲೀಟರ್ ಚೆಲ್ಲಿದರೆ ಧೂಳು, ಹಕ್ಕಿ ಹಿಕ್ಕೆ ಹೋಗುತ್ತವೆ. ತೊಟ್ಟಿಯ ಬಾಯಿಗೆ ಬಿಗಿ ಮುಚ್ಚಳ, ನೀರು ಬರುವ ಹೋಗುವ ಎರಡೂ ಪೈಪಿಗೆ ಸೊಳ್ಳೆ ನುಸುಳದ ಜಾಲರಿ. ಒಳಗೆ ಬಿಂದಿಗೆ ಮುಳುಗಿಸಬಾರದು, ಕೈಪಂಪು ಕೂರಿಸಿ. 1,000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ತುಂಬಿದ ತೊಟ್ಟಿಗೆ 30 ಗ್ರಾಂ ಹೊಸ ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕದಡಿ, ಗಸಿ ಇಳಿದ ಮೇಲೆ ತಿಳಿಯನ್ನು ಮಾತ್ರ ಸುರಿದು, ಒಂದು ತಾಸು ಬಿಟ್ಟು ಬಳಸಿ. ಬೇಸಿಗೆಯಲ್ಲಿ ತಳದಲ್ಲಿ ಒಂದಡಿ ನೀರಾದರೂ ಉಳಿಸಿಕೊಳ್ಳಿ. ಪೂರ್ತಿ ಒಣಗಿದ ತೊಟ್ಟಿಯ ಗಾರೆ ಬಿರುಕು ಬಿಡುತ್ತದೆ.

ಪ್ರಶ್ನೆ: ಆಫ್ರಿಕಾದ ನೈಜರ್‌ನಲ್ಲಿ ಅರ್ಧಚಂದ್ರದ ಗುಂಡಿ ತೋಡಿ ಬರಡು ನೆಲ ಹಸಿರು ಮಾಡಿದ ವಿಡಿಯೋ ನೋಡಿದೆವು. ನಮ್ಮ ಕೆಂಪು ಮಣ್ಣಿನ ಪೋರಂಬೋಕು ಜಾಗದಲ್ಲಿ ಮಾಡಬಹುದೇ? — ಶಾಲಾ ಶಿಕ್ಷಕರು, ರಾಯದುರ್ಗ

ಮೇಲ್ಮೈ ಹೆಪ್ಪುಗಟ್ಟಿದ ಕೆಂಪು ಮಣ್ಣಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಎರೆಭೂಮಿಗೆ ಬೇಡ. ಅರ್ಧವೃತ್ತದ ಅಗಲ 4 ಮೀಟರ್, ಅಗೆತ 15ರಿಂದ 20 ಸೆಂ.ಮೀ. ತೆಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ಬಿಲ್ಲಿನಂತೆ ಬದು ಹಾಕಿ, ಬಾಯಿ ಮೇಲ್ಬದಿಗೆ ತೆರೆದಿರಲಿ. ಒಂದೇ ಸಾಲಿನಲ್ಲಿ ನಡುವಿನಿಂದ ನಡುವಿಗೆ 8 ಮೀಟರ್, ಸಾಲಿನಿಂದ ಸಾಲಿಗೆ 4 ಮೀಟರ್. ಕೆಳಗಿನ ಸಾಲಿನದು ಮೇಲಿನೆರಡರ ಸಂದಿಗೆ ಬರಬೇಕು. ಹೆಕ್ಟೇರಿಗೆ 313 ಆಗುತ್ತವೆ. ಇಲ್ಲಿ ನೀರು ಕುಡಿಯುವ 6 ಚದರ ಮೀಟರಿಗೆ ನೀರು ಕೊಡುವ ನೆಲ ಸುಮಾರು 26, ಅಂದರೆ ಒಂದಕ್ಕೆ ನಾಲ್ಕು. 50 ಮಿ.ಮೀ. ಮಳೆಗೆ ಒಂದೊಂದರಲ್ಲಿ 700 ಲೀಟರಿನಷ್ಟು ನಿಲ್ಲುತ್ತದೆ.

ಬಿಲ್ಲಿನ ಎರಡು ತುದಿಗಳು ಒಂದೇ ಮಟ್ಟದಲ್ಲಿರಬೇಕು. ಕಣ್ಣಂದಾಜು ಬೇಡ, ಗಾರೆ ಕೆಲಸದವರ ಹತ್ತಿರ ಇರುವ ನೀರು ತುಂಬಿದ ಲೆವೆಲ್ ಪೈಪಿನಿಂದ ನೋಡಿ. ಒಂದು ತುದಿ ತಗ್ಗಿದರೆ ನೀರೆಲ್ಲ ಅಲ್ಲೇ ಹೊರನುಗ್ಗಿ ಕೆಳಗಿನ ಸಾಲನ್ನೂ ಕೊಚ್ಚುತ್ತದೆ. ತುದಿಗಳಿಗೆ ಕಲ್ಲು ಒತ್ತಿ.

ಅಗೆಯುವ ಮುಂಚೆ ಆ ಜಾಗದಲ್ಲಿ ಹಳೆಯ ಬುಡಗಳು ಜೀವಂತ ಇವೆಯೇ ನೋಡಿ. ಆಸ್ಟ್ರೇಲಿಯಾದ ಟೋನಿ ರಿನಾಡೊ 1983ರಲ್ಲಿ ನೈಜರ್‌ನ ಮರಾದಿಯಲ್ಲಿ ಶುರುಮಾಡಿದ್ದು ಸಸಿ ನೆಡುವ ಕೆಲಸವನ್ನಲ್ಲ, ಬುಡದಿಂದ ಚಿಗುರುವುದನ್ನು ಕಾಯುವ ಕೆಲಸವನ್ನು. ದಿಂಡಿಗ, ಕಮರ, ಬೇವು, ಬೋರೆಯ ಬುಡದಲ್ಲಿ ಪೊದೆಯಾಗಿ ಎದ್ದ ಚಿಗುರುಗಳಲ್ಲಿ ನೆಟ್ಟಗಿನ ಮೂರೋ ನಾಲ್ಕೋ ಉಳಿಸಿ, ಉಳಿದದ್ದನ್ನು ಹರಿತ ಕುಡುಗೋಲಿನಿಂದ ಕೊಯ್ಯಿರಿ. ಉಳಿಸಿದವುಗಳ ಕೆಳಗಿನ ಅರ್ಧದ ಕೊಂಬೆ ಸವರಿ. ಆರು ತಿಂಗಳಿಗೊಮ್ಮೆ ಇದನ್ನೇ ಮಾಡಿ. ನೆಲದಡಿ ಬೇರು ಆಗಲೇ ಆಳಕ್ಕೆ ಇಳಿದಿರುವುದರಿಂದ ಟ್ಯಾಂಕರ್ ನೀರು ಬೇಡ. ನಾವಾದರೆ ಮೊದಲು ಇದನ್ನೇ ಮಾಡುತ್ತೇವೆ, ಬುಡವಿಲ್ಲದ ಕಡೆ ಮಾತ್ರ ಅರ್ಧಚಂದ್ರ ತೋಡುತ್ತೇವೆ.

ಪ್ರಶ್ನೆ: ಗಾಯರಾಣಕ್ಕ ಬೇಲಿ ಹಾಕಿ ಗಿಡ ಹಚ್ತೀವಿ ಅಂತ ಊರ ಮಂದಿ ಠರಾವ್ ಮಾಡ್ಯಾರ್ರಿ. ನಮ್ಮ ಎಂಬತ್ತು ಕುರಿ ಎಲ್ಲಿಗೆ ಹೊಡಕೊಂಡು ಹೋಗೋಣು? — ಕುರಿಗಾರರು, ಜತ್ತ ತಾಲೂಕು

ನೀವು ಕೇಳಿದ್ದು ನ್ಯಾಯವಾಗಿದೆ ಅಣ್ಣಾ, ಈ ಪತ್ರವನ್ನು ನಿಮ್ಮ ಊರಿನವರೂ ಓದಲಿ. ಗಾಯರಾಣ, ಅಂದರೆ ಊರಿನ ಗೋಮಾಳ, ಪೂರ್ತಿ ಮುಚ್ಚಿದರೆ ಅದರ ಭಾರವೆಲ್ಲ ಭೂಮಿ ಇಲ್ಲದವರ ಹೆಗಲಿಗೆ ಬೀಳುತ್ತದೆ. ಅಂಥ ಬೇಲಿ ನಿಲ್ಲುವುದೂ ಇಲ್ಲ. ಹೊಟ್ಟೆಗೆ ಹಸಿದ ಜೀವ ರಾತ್ರಿ ಬೇಲಿ ಕೀಳಲೇಬೇಕು.

ಜಾಗವನ್ನು ಮೂರು ಪಾಲು ಮಾಡಿ, ಒಂದನ್ನು ಮಾತ್ರ ಮೂರು ವರ್ಷ ಮುಚ್ಚುವಂತೆ ಗ್ರಾಮಸಭೆಯಲ್ಲಿ ಕೇಳಿ. ಮುಚ್ಚಿದ ಪಾಲಿನಲ್ಲಿ ಎರಡನೇ ವರ್ಷದಿಂದ ಹುಲ್ಲು ಕೊಯ್ದು ಹೊತ್ತೊಯ್ಯುವ ಹಕ್ಕು ಮೊದಲು ಕುರಿಗಾರರಿಗೆ, ಉಳಿದರೆ ಬೇರೆಯವರಿಗೆ ಎಂದು ಠರಾವಿನಲ್ಲೇ ಬರೆಸಿ. ಕೊಯ್ಲು ಬೀಜ ಉದುರಿದ ಮೇಲೆ ಆಗಲಿ. ಮುಚ್ಚಿದ್ದನ್ನು ಬಿಚ್ಚುವಾಗ ಮೊದಲು ಕುರಿ ಮಾತ್ರ ಬಿಡುವುದು, ಗಿಡದ ತುದಿ ಆಡಿನ ಬಾಯಿಗೆ ಎಟುಕದಷ್ಟು ಎತ್ತರವಾದ ಮೇಲೆ ಆಡು. ಕಾಯುವವನಿಗೆ ಸಂಬಳ ಕೊಡುವುದಿದ್ದರೆ ಅದು ಕುರಿಗಾರರ ಮನೆಯವರಿಗೇ ಸಿಗಲಿ, ಆ ನೆಲ ಅವರಷ್ಟು ಬಲ್ಲವರು ಯಾರೂ ಇಲ್ಲ. ಮುಳ್ಳುತಂತಿಗೆ ಹಾಕುವ ಹಣದಲ್ಲಿ ದನಕರು ದಾಟದ ಕಂದಕ ತೋಡಿ, ಅದರ ಬದುವಿನ ಮೇಲೆ ಕತ್ತಾಳೆ ಹಚ್ಚಬಹುದು.

ಪ್ರಶ್ನೆ: ಎಲ್ಲರ ಹೊಲದಲ್ಲೂ ಪ್ಲಾಸ್ಟಿಕ್ ಹಾಸಿದ ಶೇತತಳೆ (ಕೃಷಿಹೊಂಡ) ಆಗಿವೆ. ಆದರೂ ಫೆಬ್ರುವರಿಗೇ ಊರ ಬಾವಿ ಬತ್ತುತ್ತದೆ. ಯಾಕೆ? — ಗ್ರಾಮ ಪಂಚಾಯತಿ ಸದಸ್ಯರು, ಅಕ್ಕಲಕೋಟೆ ತಾಲೂಕು

ಆ ಹೊಂಡಗಳನ್ನು ತುಂಬುತ್ತಿರುವುದು ಮಳೆಯೋ ಬೋರ್‌ವೆಲ್ಲೋ ನೋಡಿ. ಬೋರ್‌ವೆಲ್ಲಾದರೆ ಉತ್ತರ ಅಲ್ಲೇ ಇದೆ. ಮೇಲೆ 30 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡಕ್ಕೆ ಸುಮಾರು 22 ಲಕ್ಷ ಲೀಟರ್ ಹಿಡಿಯುತ್ತದೆ. ನಿಮ್ಮ ಕಡೆಯ ಬಿಸಿಲಿಗೆ ತೆರೆದ ನೀರು ವರ್ಷಕ್ಕೆ ಒಂದೂವರೆ ಮೀಟರಿಗೂ ಹೆಚ್ಚು ಆವಿಯಾಗುತ್ತದೆ. ತುಂಬಿಸುತ್ತಲೇ ಇದ್ದರೆ ಒಂದೇ ಹೊಂಡದಿಂದ 13 ಲಕ್ಷ ಲೀಟರ್ ಗಾಳಿಗೆ ಹೋಯಿತು. ನೆಲದಡಿ ಬಿಸಿಲು ತಾಗದೆ ಇದ್ದ ಊರ ನೀರನ್ನು ಮೇಲೆತ್ತಿ ಒಣಗಿಸಿದ ಹಾಗೆ. ಹರಿದು ಬಂದ ಮಳೆನೀರನ್ನು ಮೊದಲು ಹೂಳುಗುಂಡಿಗೆ, ಆಮೇಲೆ ಹೊಂಡಕ್ಕೆ ಬಿಟ್ಟುಕೊಂಡರೆ ಅದೇ ಶೇತತಳೆ ಒಳ್ಳೆಯದು. ಸುತ್ತ ಬೇಲಿ, ಒಳಗಿಳಿಬಿಟ್ಟ ಗಂಟು ಹಾಕಿದ ಹಗ್ಗ ಇರಲೇಬೇಕು. ಪ್ಲಾಸ್ಟಿಕ್ಕಿನ ಜಾರಿಕೆಯಲ್ಲಿ ಬಿದ್ದ ಮಗು ತಾನಾಗಿ ಮೇಲೆ ಬರಲಾರದು.

ಊರಿನ ನೀರಿನ ಜಮಾಖರ್ಚು ಹೀಗೆ ಹಾಕಿ. 1 ಹೆಕ್ಟೇರಿನ ಮೇಲೆ 1 ಮಿ.ಮೀ. ಮಳೆ ಎಂದರೆ 10,000 ಲೀಟರ್. ಶಿವಾರ, ಅಂದರೆ ಊರಿನ ಒಟ್ಟು ನೆಲ, 1,000 ಹೆಕ್ಟೇರ್, ಮಳೆ 500 ಮಿ.ಮೀ. ಆದರೆ 500 ಕೋಟಿ ಲೀಟರ್. ಕಪ್ಪುಕಲ್ಲಿನ ನೆಲದಲ್ಲಿ ಅಂತರ್ಜಲಕ್ಕೆ ಇಳಿಯುವುದು ಕಲ್ಲಿನ ಜಾತಿ ನೋಡಿ ನೂರಕ್ಕೆ 7ರಿಂದ 13 ಎಂದು ಹಿಡಿಯುತ್ತಾರೆ. ಹತ್ತು ಎಂದುಕೊಂಡರೆ ಜಮಾ 50 ಕೋಟಿ. 2,000 ಜನಕ್ಕೆ ದಿನಕ್ಕೆ 55 ಲೀಟರಿನಂತೆ 4 ಕೋಟಿ ತೆಗೆದಿಡಿ, ದನಕರುಗಳಿಗೆ ಇನ್ನೆರಡು ಕೋಟಿ. ಉಳಿದದ್ದು 44 ಕೋಟಿ. ಒಂದು ಎಕರೆ ಕಬ್ಬು 80 ಲಕ್ಷ ಲೀಟರ್ ಕುಡಿಯುತ್ತದೆ, ಅಂದರೆ 55 ಎಕರೆ ಕಬ್ಬು ಹಚ್ಚಿದರೆ ಊರಿನ ಗಂಟು ಖಾಲಿ. ಅದೇ ಹಿಂಗಾರಿ ಜೋಳಕ್ಕೆ 60 ಮಿ.ಮೀ.ನ ಒಂದು ನೀರು ಕೊಡಲು ಎಕರೆಗೆ 2.4 ಲಕ್ಷ ಲೀಟರ್ ಸಾಕು. ಈ ಲೆಕ್ಕವನ್ನು ಚಾವಡಿ ಗೋಡೆಯ ಮೇಲೆ ಪ್ರತಿ ಅಕ್ಟೋಬರಿನಲ್ಲಿ ಬರೆಸಿ. ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆಯ ಹಿವರೆ ಬಾಜಾರ್ ಹೀಗೆ ಲೆಕ್ಕ ಹಾಕಿಯೇ ಬೆಳೆ ಗೊತ್ತುಮಾಡುತ್ತದೆ. ಕಬ್ಬು, ಬಾಳೆ ಬೇಡವೆಂದಿತು, ನೀರಾವರಿಗೆ ಬೋರ್‌ವೆಲ್ ನಿಲ್ಲಿಸಿತು. ಒಡ್ಡು ಕಟ್ಟಿದ ಊರುಗಳು ಬಹಳ ಇವೆ, ಇಂಥ ಕಟ್ಟುಪಾಡಿಗೆ ಒಪ್ಪಿದ ಊರುಗಳಲ್ಲೇ ಬಾವಿಯಲ್ಲಿ ನೀರು ಉಳಿದಿರುವುದು.

ಪ್ರಶ್ನೆ: ಬಳ್ಳಾರಿ ಜಾಲಿ ಕಡಿದಷ್ಟೂ ಬರುತ್ತದೆ. ನಿರ್ಮೂಲ ಹೇಗೆ? — ರೈತರು, ಕಲ್ಯಾಣದುರ್ಗ

ನೆಲದ ಮಟ್ಟಕ್ಕೆ ಕಡಿಯುತ್ತಿರುವುದರಿಂದಲೇ ಬರುತ್ತಿದೆ. ಚಿಗುರುವ ಕಣ್ಣುಗಳು ಬುಡದಲ್ಲಿ, ನೆಲದೊಳಗೆ ಒಂದಡಿಯವರೆಗೆ ಇರುತ್ತವೆ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಒಂದಡಿ ಕೆಳಗೆ ಬೇರು ಕತ್ತರಿಸಿ ಬೊಡ್ಡೆ ಹೊರತೆಗೆಯಿರಿ. ಬೀಜ ಹರಡುವುದು ಕಾಯಿ ತಿಂದ ದನ, ಆಡುಗಳ ಸಗಣಿ ಹಿಕ್ಕೆಯಿಂದ. ಕಾಯಿಯನ್ನು ಆರಿಸಿ, ಬೀಜ ನುಚ್ಚಾಗುವಂತೆ ಗಿರಣಿಯಲ್ಲಿ ಒಡೆಸಿ ಮೇವಿಗೆ ಬೆರೆಸಿದರೆ ಹರಡುವುದು ನಿಲ್ಲುತ್ತದೆ. ಖಾಲಿಯಾದ ಜಾಗವನ್ನು ಹಾಗೇ ಬಿಡಬೇಡಿ, ಅದೇ ಮಳೆಗೆ ಹುಲ್ಲು ಬಿತ್ತಿ, ಬದುಗಳ ಮೇಲೆ ಬನ್ನಿ ಹಚ್ಚಿ. ರಾಜಸ್ಥಾನದ ರಾಜ್ಯವೃಕ್ಷ ಖೇಜಡಿ ನಮ್ಮ ಬನ್ನಿಯೇ. ಅಲ್ಲಿ ಅದರಡಿಯೇ ಸಜ್ಜೆ ಬೆಳೆಯುತ್ತಾರೆ, ಸೊಪ್ಪು ಮೇವಿಗೆ, ಎಳೆಗಾಯಿ ಪಲ್ಯಕ್ಕೆ. ಬೀಜವನ್ನು ಒಂದು ದಿನ ನೀರಲ್ಲಿ ನೆನೆಹಾಕಿ ಬಿತ್ತಿ. ಮೊದಲ ಕೆಲವು ವರ್ಷ ತೀರ ನಿಧಾನ ಬೆಳೆಯುತ್ತದೆ, ಸತ್ತಿತೆಂದು ಕೀಳಬೇಡಿ.

ಪ್ರಶ್ನೆ: ಡ್ರಿಪ್ ಇಲ್ಲದೆ ಬೇಸಿಗೆಯಲ್ಲಿ ಸಸಿ ಉಳಿಸುವುದು ಹೇಗೆ? — ವಿದ್ಯಾರ್ಥಿನಿ, ಆದೋನಿ

ಮಡಕೆ ಹುಗಿಯಿರಿ. ಬಣ್ಣ, ಮೆರುಗು ಬಳಿಯದ 5ರಿಂದ 7 ಲೀಟರಿನ ಮಡಕೆಯನ್ನು ಸಸಿಯಿಂದ ಒಂದು ಗೇಣು ದೂರದಲ್ಲಿ, ಕುತ್ತಿಗೆ ಮಾತ್ರ ಮೇಲೆ ಕಾಣುವಂತೆ ಹೂತು ನೀರು ತುಂಬಿ, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ. ತಳಕ್ಕೆ ತೂತು ಬೇಡ, ಮೈಯಿಂದಲೇ ಜಿನುಗುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ನೋಡಿ ತುಂಬಿಸಿ. ನೀರು ಇಳಿಯುವುದು ನಿಧಾನವಾದರೆ ಉಪ್ಪು, ಹೂಳು ಮೈಯ ಸಣ್ಣ ರಂಧ್ರಗಳನ್ನು ಕಟ್ಟಿದೆ ಎಂದರ್ಥ. ಹೊರತೆಗೆದು ತೆಂಗಿನ ನಾರಿನಿಂದ ತಿಕ್ಕಿ ಮತ್ತೆ ಹೂಳಿ.